ಓರೆಬ್ರೂವಿನ ನೀರಿನ ಟ್ಯಾಂಕು

ಕಳೆದ ಭಾನುವಾರ ಮಧ್ಯಾಹ್ನ ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ರಘುವಿನ ಮನೆಯ ಬಾಗಿಲಲ್ಲಿ ಬಗ್ಗಿ ಶೂ ಬಿಚ್ಚುತ್ತಿದ್ದೆ. ಒಳಗಿನಿಂದ ಏಲಕ್ಕಿ ವಾಸನೆ ಬಂತು. ಪಾಯಸದ ಏಲಕ್ಕಿಯಲ್ಲ, ಬೆಣ್ಣೆ, ಮೈದಾಹಿಟ್ಟಿನ ಜೊತೆ ಓವನ್ನಿನಲ್ಲಿ ಬೆಂದ ಏಲಕ್ಕಿ. ಆ ವಾಸನೆ ನನಗೆ ಗೊತ್ತು. ಅದು ಸ್ವೀಡನ್ನಿನ ಓರೆಬ್ರೂ ಎಂಬ ಊರಿನದು. ನನ್ನ ಬೀರುವಿನಲ್ಲಿದ್ದ ಅಂಗಿಯನ್ನು ಬೇರೆ ಯಾರೋ ಹಾಕಿಕೊಂಡು ಎದುರಿಗೆ ಬಂದರೆ ಹೇಗಾಗುತ್ತದೋ ಹಾಗಾಯಿತು. ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ, ಹಾಗೇ ನಿಂತೆ.

"ಯಾಕ್ರೀ, ಸೊಂಟ ಹಿಡ್ಕೊಂಡ್ತಾ?" ಎಂದಳು ನನ್ನ ಹೆಂಡತಿ ಸುಜಾತ.

"ಇಲ್ಲ. ಬನ್ ಮಾಡಿದಾರೆ."

"ಮಾಡ್ಲಿ ಬಿಡಿ, ತಿನ್ನೋಣ."

ಅವಳಿಗೆ ಅದು ತಿನ್ನುವ ವಿಷಯ. ನನಗೆ ಹಾಗಲ್ಲ.

ರಘು ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಅಣ್ಣ ಎಂದೇ ಕರೆಯುತ್ತಾನೆ. ನಾವು ಮನೆ ಬದಲಿಸಿದಾಗ ಫ್ರಿಜ್ಜಿನ ಭಾರದ ಕಡೆ ಹಿಡಿದವನು ಅವನೇ. ಹೊಟ್ಟೆಕಿಚ್ಚು ಪಡಲು ಇಷ್ಟು ಅನಾನುಕೂಲದ ಮನುಷ್ಯ ಸಿಗುವುದು ಕಷ್ಟ. ಆದರೂ ನಾನು ಪ್ರಯತ್ನ ಬಿಟ್ಟಿಲ್ಲ. ಅವನ ನಿಂಬೆ ಗಿಡವನ್ನೇ ತೆಗೆದುಕೊಳ್ಳಿ. ಒಂದೇ ನರ್ಸರಿಯಿಂದ ಒಂದೇ ದಿನ ಇಬ್ಬರೂ ತಂದೆವು. ಅವನದು ಕಾಯಿ ಬಿಟ್ಟು ಬಾಗಿದೆ, ನನ್ನದು ಕಡ್ಡಿಯಾಗಿ ನಿಂತಿದೆ. ಅವನು ಎರಡು ಮಾತಾಡಿದರೆ ಸಾಕು, ಜನ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಳ್ಳುತ್ತಾರೆ. ನಾನು ಮಾತಾಡಲು ಶುರು ಮಾಡಿದರೆ ಯಾರಿಗಾದರೂ ಒಲೆಯ ಮೇಲೆ ಇಟ್ಟದ್ದು ನೆನಪಾಗುತ್ತದೆ.

ನಮ್ಮ ಪರ್ತ್ ಕನ್ನಡದವರಲ್ಲಿ ಒಂದು ಪದ್ಧತಿ ಇದೆ. ಯಾರು ಎಲ್ಲಿಗೆ ಪ್ರವಾಸ ಹೋಗಿಬಂದರೂ ಮುಂದಿನ ಭಾನುವಾರ ಅವರ ಮನೆಯಲ್ಲಿ ಸೇರಬೇಕು. ಬರುವವರು ಒಂದೊಂದು ಪಾತ್ರೆ ಅಡುಗೆ ತರುತ್ತಾರೆ. ಹೋಗಿಬಂದವರು ಟಿ.ವಿ.ಯಲ್ಲಿ ಫೋಟೋ ಹಾಕಿ, ರಿಮೋಟ್ ಹಿಡಿದು ಕಥೆ ಹೇಳುತ್ತಾರೆ. ರಿಮೋಟ್ ಇದ್ದವರ ಮಾತಿಗೆ ಅಡ್ಡ ಬರುವ ಹಾಗಿಲ್ಲ. ನಾಲ್ಕು ವರ್ಷದ ಹಿಂದೆ ಒಂದೇ ಒಂದು ಸಲ ಆ ರಿಮೋಟ್ ನನ್ನ ಕೈಗೆ ಬಂದಿತ್ತು.

ಗಣಿಯಲ್ಲಿ ನನ್ನದು ಪಂಪುಗಳ ಕೆಲಸ. ಹೊಸ ಪಂಪಿನ ತರಬೇತಿಗೆಂದು ಕಂಪನಿಯವರು ಮೂರು ವಾರ ಓರೆಬ್ರೂಗೆ ಕಳಿಸಿದ್ದರು. "ಇಲ್ಲೇನೂ ಇಲ್ಲ, ಶನಿವಾರ ಸ್ಟಾಕ್‌ಹೋಮ್‌ಗೆ ಹೋಗು," ಎಂದರು ಕಲಿಸುವವರು. ನಾನು ಹೋಗಲಿಲ್ಲ. ಗೊತ್ತಿರದ ಊರಿಗೆ ಹೋಗಲು ಪುಕ್ಕಲು, ಅಷ್ಟೇ. ಹಾಗಾಗಿ ಓರೆಬ್ರೂವನ್ನೇ ನಡೆದು ನಡೆದು ನೋಡಿದೆ. ಊರ ನಡುವೆ ಕಪ್ಪು ನೀರಿನ ಹೊಳೆ, ಹೊಳೆಯ ನಡುವೆ ದಪ್ಪ ಗೋಪುರಗಳ ಒಂದು ಕಲ್ಲಿನ ಕೋಟೆ. ನಮ್ಮಲ್ಲಾಗಿದ್ದರೆ ಸುತ್ತ ಕಡಲೆಕಾಯಿ ಗಾಡಿ, ಬಲೂನು ಇರುತ್ತಿದ್ದವು. ಅಲ್ಲಿ ಬಾತುಕೋಳಿ ಮಾತ್ರ. ಹೊಳೆಯ ಪಕ್ಕದಲ್ಲೇ ನಡೆದುಹೋದರೆ ಹಳೆಯ ಕಾಲದ ಮರದ ಮನೆಗಳ ಓಣಿ, ಎಲ್ಲಕ್ಕೂ ಕೆಮ್ಮಣ್ಣಿನ ಬಣ್ಣ. ಜನ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚುತ್ತಾರೆ. ಮನೆಯೊಳಗೆ ಹೋಗುವಾಗ ನಮ್ಮ ಹಾಗೇ ಚಪ್ಪಲಿ ಬಿಡುತ್ತಾರೆ. ಯಾವುದೂ 'ನನ್ನನ್ನು ನೋಡು' ಎನ್ನುವುದಿಲ್ಲ. ಹೀಗಿರುವ ಊರು ನನಗೆ ಇಷ್ಟ. ನಾನೂ ಸುಮಾರು ಹಾಗೇ ಇರುವವನು, ಆದರೆ ಯಾರಾದರೂ ನೋಡಲಿ ಎಂಬ ಆಸೆ ಒಳಗೊಳಗೇ ಇರುವವನು.

ಊರಾಚೆ ದಿಬ್ಬದ ಮೇಲೆ ಅಣಬೆಯ ಆಕಾರದ ಒಂದು ನೀರಿನ ಟ್ಯಾಂಕು. ಲಿಫ್ಟಿನಲ್ಲಿ ಮೇಲೆ ಹೋಗಬಹುದು, ಮೇಲೆ ಕಾಫಿ ಸಿಗುತ್ತದೆ, ಸುತ್ತ ಊರು ಕಾಣುತ್ತದೆ. ನನ್ನ ನಲವತ್ತು ಫೋಟೋಗಳಲ್ಲಿ ಇಪ್ಪತ್ತು ಅದರವೇ. ಅವನ್ನು ಟಿ.ವಿ.ಯಲ್ಲಿ ಹಾಕಿದಾಗ ರಘು ಹೇಳಿದ್ದ: "ಅಣ್ಣ, ಸ್ವೀಡನ್‌ವರ್ಗೂ ಹೋಗಿ ಟ್ಯಾಂಕ್ ನೋಡ್ಕೊಂಡ್ ಬಂದ್ರಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳಿದ ಫೋಟೋಗಳನ್ನು ಬೇಗ ಬೇಗ ದಾಟಿಸಿದೆ. ಆ ಟ್ಯಾಂಕು ಯಾಕೆ ಎಂದು ಹೇಳಲಿಲ್ಲ.

ನಿಮಗೆ ಹೇಳುತ್ತೇನೆ. ಹೊಸದುರ್ಗದ ಕಡೆಯ ನಮ್ಮ ಊರಿನಲ್ಲಿ ನಾನು ನೀರುಗಂಟಿಯಾಗಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ. ನೀರು ಬಂತೋ ಇಲ್ಲವೋ ತಿಳಿಯಲು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದೆವು. ನೀರು ಓಡುತ್ತಿದ್ದರೆ ಒಳಗೆ ಜೇನು ಗುಂಯ್ ಎಂದಂತೆ ಕೇಳುತ್ತದೆ. ಎಸ್ಸೆಸ್ಸೆಲ್ಸಿ ಕಟ್ಟಿದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಆಮೇಲೆ ಐಟಿಐ, ಪಂಪು, ಗಣಿ, ಪರ್ತ್. ಇಲ್ಲಿ ಹೊಸಬರು ಸಿಕ್ಕ ಕೂಡಲೇ ಕೇಳುವುದು, "ಯಾವ ಕಾಲೇಜು, ಯಾವ ಬ್ಯಾಚು?" ನಾನು "ಮೆಕ್ಯಾನಿಕಲ್" ಎಂದು ಹೇಳಿ ನೀರು ಕುಡಿಯಲು ಏಳುತ್ತಿದ್ದೆ. ಉಳಿದದ್ದನ್ನು ಅವರೇ ತುಂಬಿಕೊಂಡರು. ಹನ್ನೊಂದು ವರ್ಷ ಹಾಗೇ ನಡೆಯಿತು.

ಓರೆಬ್ರೂವಿನಲ್ಲಿ ಒಂದು ಬೆಳಿಗ್ಗೆ ಟ್ಯಾಂಕಿನ ಬುಡದಲ್ಲಿ ಒಂದು ದಪ್ಪ ಪೈಪು ಕಂಡಿತು. ಸುತ್ತ ಯಾರೂ ಇಲ್ಲವೆಂದು ಕೈಯಲ್ಲಿದ್ದ ಛತ್ರಿಯ ತುದಿಯನ್ನು ಅದಕ್ಕಿಟ್ಟು ಹಿಡಿಗೆ ಕಿವಿ ಕೊಟ್ಟೆ. ತಲೆ ಎತ್ತಿದರೆ ಒಬ್ಬ ಮುದುಕ ನನ್ನನ್ನೇ ನೋಡುತ್ತಾ ನಗುತ್ತಿದ್ದ. ಬೆಂಗ್ಟ್ ಎಂದು ಹೆಸರು. ಅವನೂ ಆ ಊರಿನ ನೀರಿನ ಇಲಾಖೆಯಲ್ಲಿ ವಾಲ್ವ್ ತಿರುಗಿಸಿ ನಿವೃತ್ತನಾದವನು. ಮನೆಗೆ ಕರೆದುಕೊಂಡು ಹೋಗಿ ಗೋಡೆಗೆ ತೂಗುಹಾಕಿದ್ದ ತನ್ನ ಮರದ ಕೋಲನ್ನು ತೋರಿಸಿದ; ನಮ್ಮ ಸಲಾಕೆಯ ಅಣ್ಣನ ಹಾಗಿತ್ತು. ಏಲಕ್ಕಿ ಬನ್ ಕೊಟ್ಟ. ನನ್ನ ಹೆಸರು ಅವನ ನಾಲಿಗೆಗೆ ಹತ್ತಲಿಲ್ಲ, 'ವಾಟರ್‌ಮ್ಯಾನ್' ಎಂದು ಕರೆದ. ಉಳಿದ ದಿನಗಳಲ್ಲಿ ಬೆಳಿಗ್ಗೆ ಟ್ಯಾಂಕಿನ ಮೇಲೆ ಇಬ್ಬರೂ ಕಾಫಿ ಕುಡಿದೆವು. ನೀರುಗಂಟಿ ಎಂಬುದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡ ಜಾಗ ಇಡೀ ಭೂಮಿಯ ಮೇಲೆ ಅದೊಂದೇ.

ಈ ವರ್ಷ ರಘು ಫೋನ್ ಮಾಡಿ, "ಅಣ್ಣ, ಸ್ವೀಡನ್‌ನಲ್ಲಿ ಮೀಟಿಂಗ್ ಇದೆ, ವಿದ್ಯಾನೂ ಬರ್ತಾಳೆ. ಎರಡು ದಿನ ಫ್ರೀ. ನಿಮ್ಮ ಓರೆಬ್ರೂ ನೋಡ್ಬೋದಾ?" ಎಂದ. ನಾನು ಏನೆಂದೆ ಗೊತ್ತೇ? "ಅಲ್ಲೇನೂ ಇಲ್ಲ ಕಣೋ. ಸ್ಟಾಕ್‌ಹೋಮ್‌ಗೆ ಹೋಗು." ಫೋನ್ ಇಟ್ಟ ಮೇಲೆ ಸುಜಾತ ನನ್ನನ್ನೇ ನೋಡಿದಳು. ಎರಡು ವಾರ ಕಳೆದು, ಮಧ್ಯಾಹ್ನಕ್ಕೆ ಇಲ್ಲಿಯವರು ಅನ್ನುವ 'ಆರ್ವೋ' ಸೇರಿಸಿ ಮೆಸೇಜು ಬಂತು: "ಸಂಡೇ ಆರ್ವೋ ಬನ್ನಿ ಅಣ್ಣ, ಓರೆಬ್ರೂ ಫೋಟೋ ಇದೆ."

ಈಗ ಭಾನುವಾರಕ್ಕೆ ಬರೋಣ. ರಘುವಿನ ಹೆಂಡತಿ ವಿದ್ಯಾ ಬನ್ನಿನ ತಟ್ಟೆ ಹಿಡಿದು, "ಅಲ್ಲಿ ತಿಂದ್ವಿ ಅಣ್ಣ, ಅದೇ ಥರ ಬಂದಿದ್ಯಾ?" ಎಂದು ಕೇಳಿದಳು. ಬಾಯಿ ತುಂಬ ಬನ್ ಇಟ್ಟುಕೊಂಡು, "ಏಲಕ್ಕಿ ಸ್ವಲ್ಪ ಕಮ್ಮಿ," ಎಂದೆ. ಸುಳ್ಳು.

ಟಿ.ವಿ.ಯಲ್ಲಿ ನನ್ನ ಹೊಳೆ ಬಂತು, ನನ್ನ ಕೋಟೆ ಬಂತು, ನನ್ನ ಬಾತುಕೋಳಿಗಳು ಬಂದವು. ರಘು ಹೇಳುತ್ತಿದ್ದ, "ಯಾರೂ ಹೋಗಲ್ಲ ಈ ಊರಿಗೆ. ಅಣ್ಣ ಟ್ರೈನಿಂಗ್‌ಗೆ ಹೋಗಿದ್ರು ಅಷ್ಟೇ, ಸುತ್ತಿ ಹುಡುಕಿದ್ದು ನಾವೇ." ಎಲ್ಲರ ಕುರ್ಚಿಗಳೂ ತಿರುಗಿದ್ದವು. ಟ್ಯಾಂಕು ಬಂದಾಗಲೂ ಯಾರೂ ನಗಲಿಲ್ಲ. "ಎಷ್ಟು ಚೆನ್ನಾಗಿದೆ," ಎಂದರು. ನನಗೆ ಎದ್ದು ಹೋಗಿ ಅವನ ನಿಂಬೆ ಗಿಡ ಕಿತ್ತುಬಿಡೋಣ ಅನ್ನಿಸಿತು.

ಮುಂದಿನ ಫೋಟೋದಲ್ಲಿ ಬೆಂಗ್ಟ್ ಇದ್ದ. ಸ್ವಲ್ಪ ಬಾಗಿದ್ದ. ಕಿವಿಗೆ ಆ ಕೋಲು ಇಟ್ಟುಕೊಂಡಿದ್ದ.

"ಈ ಅಜ್ಜ ಟ್ಯಾಂಕ್ ಮೇಲೆ ಸಿಕ್ರು," ಎಂದ ರಘು. "ಪರ್ತ್ ಅಂದ ತಕ್ಷಣ ಕೇಳಿದ್ರು, ಅಲ್ಲಿ ಇಂಡಿಯಾದ ಒಬ್ಬ ವಾಟರ್‌ಮ್ಯಾನ್ ಇದಾನೆ, ಗೊತ್ತಾ ಅಂತ. ಊರಲ್ಲಿ ವಾಲ್ವ್ ತಿರುಗಿಸ್ತಿದ್ನಂತೆ. ಈ ಕೋಲು ತೋರಿಸೋಕೆ ಮಾರನೇ ದಿನ ಮತ್ತೆ ಬಂದ್ರು. ಅಣ್ಣ ಅಲ್ಲಿಗೆ ಹೋಗಿದ್ರು, ಆದ್ರೆ ಅವ್ರೂ ಎಂಜಿನಿಯರ್; ನಮ್ಮ ಗ್ರೂಪಲ್ಲಿ ಎಲ್ಲ ಎಂಜಿನಿಯರ್‌ಗಳು, ಅಂಥೋರು ಯಾರೂ ಇಲ್ಲ ಅಂದೆ. ಪಾಪ, ಬೇಜಾರ್ ಮಾಡ್ಕೊಂಡ್ರು."

ರಘು ರಿಮೋಟ್ ಒತ್ತಲು ಹೆಬ್ಬೆರಳು ಎತ್ತಿದ. ಸುಜಾತ ನನ್ನ ಕಡೆ ನೋಡಲಿಲ್ಲ; ಸೀರೆಯ ಸೆರಗಿನ ನೂಲು ಎಳೆಯುತ್ತಿದ್ದಳು. ಊರು ನನ್ನದು ಅನ್ನಬೇಕಾದರೆ ವಾಲ್ವ್ ತಿರುಗಿಸಿದವನೂ ನಾನೇ ಅನ್ನಬೇಕು. ಸುಮ್ಮನಿದ್ದರೆ ಬೆಂಗ್ಟ್ ಟಿ.ವಿ.ಯಿಂದ ಹೊರಟುಹೋಗುತ್ತಾನೆ.

"ತಡಿ ರಘು," ಎಂದೆ. "ಅದು ನಾನೇ."

"ಯಾವ್ದಣ್ಣ?"

"ವಾಟರ್‌ಮ್ಯಾನ್. ನಾನು ಎಂಜಿನಿಯರ್ ಅಲ್ಲ. ಐಟಿಐ. ಅದಕ್ಕೆ ಮುಂಚೆ ನೀರುಗಂಟಿ."

ರಘು ಎತ್ತಿದ್ದ ಹೆಬ್ಬೆರಳನ್ನು ಇಳಿಸಿದ. ಆಮೇಲೆ ಕೇಳಿದ: "ಮತ್ತೆ ಅಲ್ಲೇನೂ ಇಲ್ಲ ಅಂದ್ರಿ?"

"ನೀನು ಹೋಗ್ಬಾರ್ದು ಅಂತ."

ಮೊದಲು ನಕ್ಕವಳು ಸುಜಾತ. ಆಮೇಲೆ ಎಲ್ಲರೂ. ಈ ಸಲ ನಾನು ಸುಮ್ಮನೆ ಜೊತೆಗೆ ನಗಬೇಕಾಗಿರಲಿಲ್ಲ, ನಗು ತಾನೇ ಬಂತು. ರಘು ಎದ್ದು ಬಂದು ರಿಮೋಟನ್ನು ನನ್ನ ತೊಡೆಯ ಮೇಲಿಟ್ಟ. "ಆ ಕೋಲು ಕಿವಿಗೆ ಯಾಕೆ ಇಟ್ಕೊಂಡಿದಾರೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಹೇಳಿ."

ಹೇಳುವುದಕ್ಕಿಂತ ತೋರಿಸುವುದು ಸುಲಭ. ವಿದ್ಯಾಳ ಅಡುಗೆಮನೆಯಿಂದ ಉದ್ದ ಹಿಡಿಯ ಸೌಟು ತಂದು, ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ, ನಿಂಬೆ ಗಿಡದ ಪಕ್ಕದ ನಲ್ಲಿ ತಿರುಗಿಸಿ, ಪೈಪಿಗೆ ಸೌಟಿನ ತುದಿ ಇಟ್ಟೆ. ಎಂಜಿನಿಯರುಗಳೆಲ್ಲ ಒಬ್ಬರ ಹಿಂದೆ ಒಬ್ಬರು ಸಾಲು ನಿಂತು ಬಗ್ಗಿ ಕಿವಿ ಕೊಟ್ಟರು. ಯಾರಿಗೂ ಏನೂ ಕೇಳಿಸಲಿಲ್ಲ. ಅವಸರ ಮಾಡಿದರೆ ಕೇಳಿಸುವುದಿಲ್ಲ. ನನಗೆ ಕಿವಿ ಪಳಗಲು ಎರಡು ತಿಂಗಳು ಬೇಕಾಗಿತ್ತು.

ಕೊನೆಗೆ ರಘು ಮಂಡಿಯೂರಿ, ಕಣ್ಣು ಮುಚ್ಚಿ ಕುಳಿತ.

"ಅಣ್ಣ," ಎಂದ ಮೆಲ್ಲಗೆ, "ಜೇನು ಹುಳದ ಥರ."

ಮೊದಲ ಸಲಕ್ಕೇ ಕೇಳಿಸಿಬಿಟ್ಟಿತ್ತು ಅವನಿಗೆ. ನೋಡಿ, ಮತ್ತೆ ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಆದರೂ ಅವನ ಭುಜದ ಮೇಲೆ ಕೈಯಿಟ್ಟು, ಸೌಟನ್ನು ಒಂದಿಷ್ಟು ಮೇಲಕ್ಕೆ ಸರಿಸಿದೆ. ಅಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ.