ಕಾಪುವಿನ ಮರಳಿಗೆ ಹಾಕಿದ ಲೈಟು

ಮದುವೆ ವೀಡಿಯೊ ತೆಗೆಯುವವನಿಗೆ ಆಕಾಶದ ಹುಚ್ಚು ಹಿಡಿಯಬಾರದು. ನನಗೆ ಹಿಡಿದಿತ್ತು. ಬಾಗಲಕೋಟೆ ಕಡೆಯಿಂದ ಬಂದು ಪರ್ಕಳದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದ ನನಗೆ ಸಮುದ್ರ ನೋಡಿ ನೋಡಿ ಬೇಗನೆ ಬೇಸರ ಬಂತು. ಕ್ಯಾಲೆಂಡರಿನಲ್ಲಿ ಕಂಡ ರಾಜಸ್ಥಾನದ ಮರಳುಗಾಡು ಮಾತ್ರ ತಲೆಯಿಂದ ಹೋಗಲಿಲ್ಲ. ಅಂಥ ಮರಳು, ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಕ್ಷತ್ರ, ಹಾಗೊಂದು ಅಗಲದ ಫೋಟೋ ನನ್ನದೂ ಇರಬೇಕೆಂಬ ಆಸೆ. ರಾಜಸ್ಥಾನಕ್ಕೆ ಹೋಗುವ ತಾಕತ್ತು ಎಲ್ಲಿತ್ತು? ಕಾಪುವಿನ ಕಡಲತೀರದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ, ಕ್ಯಾಮೆರಾವನ್ನು ತಗ್ಗಿನಲ್ಲಿಟ್ಟರೆ ಬರೀ ಮರಳೇ ಕಾಣುತ್ತಿತ್ತು.

ಅದು ಮೇ ತಿಂಗಳು, ಚಂದ್ರ ಬೇಗ ಮುಳುಗುವ ದಿನ. ಮರುದಿನ ಕಾಪುವಿನದೇ ಮೀನು ವ್ಯಾಪಾರಿಯೊಬ್ಬರ ಮಗಳ ಮದುವೆಗೆ ನಾನು ಹೋಗಬೇಕಿತ್ತು. ಅವರು ಹಿಂದಿನ ವಾರ ಬಂದು ಹೇಳಿದ್ದರು: “ನಮ್ಮ ಅಮ್ಮನಿಗೆ ಹಾಸಿಗೆಯಿಂದ ಏಳಲಿಕ್ಕೆ ಆಗುವುದಿಲ್ಲ. ಹುಡುಗಿಯನ್ನು ಸಾಕಿದ್ದು ಅವರೇ. ಫೋಟೋದಲ್ಲಿ ಮುಖ ಸಣ್ಣ, ಅವರಿಗೆ ಕಾಣುವುದಿಲ್ಲ. ಧಾರೆ ಒಂದು ಟಿ.ವಿ.ಯಲ್ಲಿ ಸರಿಯಾಗಿ ಕಾಣಬೇಕು, ಆಯ್ತಾ?”

“ಅದು ನನಗೆ ಬಿಡಿ,” ಎಂದಿದ್ದೆ.

ಮದುವೆಯ ಹಿಂದಿನ ರಾತ್ರಿ ಕಾಪುವಿಗೆ ಹೋದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಏಳು ಫೋಟೋ ತೆಗೆದು, ಆಮೇಲೆ ಪಕ್ಕಪಕ್ಕ ಅಂಟಿಸುವ ಲೆಕ್ಕಾಚಾರ ನನ್ನದು. ಮರಳಿನ ಗೆರೆಗಳು ಎದ್ದು ಕಾಣಲೆಂದು ಮದುವೆಯ ಬ್ಯಾಟರಿ ಲೈಟನ್ನು ನೆಲಕ್ಕೆ ಒರಗಿಸಿ ಅಡ್ಡಕ್ಕೆ ಬೆಳಕು ಬಿಟ್ಟೆ. ತೀರದ ದೀಪಸ್ತಂಭದ ಬೆಳಕು ಸುತ್ತಿ ಬಂದಾಗಲೆಲ್ಲ ಲೆನ್ಸಿಗೆ ಕಪ್ಪು ಬಟ್ಟೆ ಮುಚ್ಚಬೇಕು. ಒಮ್ಮೆ ತಡವಾಯಿತು, ಒಮ್ಮೆ ಸ್ಟ್ಯಾಂಡ್ ಅಲುಗಿತು. ಮತ್ತೆ ಮೊದಲಿಂದ, ಇನ್ನೊಂದು ಸಲ ಎನ್ನುತ್ತ ಎರಡು ಬ್ಯಾಟರಿಯನ್ನೂ ಮುಗಿಸಿದೆ. ರೂಮಿಗೆ ಬಂದು ಅವನ್ನು ಚಾರ್ಜಿಗೆ ಹಾಕುವಾಗ ಬೆಳಗಾಗುತ್ತ ಬಂದಿತ್ತು. ಅವಕ್ಕೆ ಇಡೀ ರಾತ್ರಿ ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕರೆಂಟ್ ಇದ್ದರೆ ಬ್ಯಾಟರಿ ಯಾಕೆ ಎಂದುಕೊಂಡು ಮಲಗಿದೆ.

ಮದುವೆ ಪೆರ್ಡೂರಿನ ಕಡೆಯ ಒಂದು ಹಳೆಯ ಸಭಾಭವನದಲ್ಲಿ. ಮುಹೂರ್ತದ ಹೊತ್ತಿಗೆ ಮೋಡ ಕವಿದು ಗುಡುಗಿತು, ಕರೆಂಟ್ ಹೋಯಿತು. ಹುಡುಗಿಯ ಅಪ್ಪ ಧಾರೆ ಎರೆಯಲು ಗಿಂಡಿ ಎತ್ತಿದರು. ನಾನು ಲೈಟು ಒತ್ತಿದೆ. ಬೀಡಿಯ ತುದಿಯಂತೆ ಕೆಂಪಗಾಗಿ ಆರಿಹೋಯಿತು. ಮುಹೂರ್ತ ಕಾಯುವುದಿಲ್ಲ. ಕಪ್ಪು ಕಪ್ಪಾದ ಆಕಾರಗಳನ್ನೇ ತೆಗೆದೆ.

“ಬಲ್ಬ್ ಸುಟ್ಟುಹೋಯ್ತು,” ಎಂದು ಆಮೇಲೆ ಅವರಿಗೆ ಸುಳ್ಳು ಹೇಳಿದೆ.

“ಬಲ್ಬ್ ಹೋದರೆ ನೀವೆಂತ ಮಾಡುವುದು ಮಾರಾಯ್ರೆ? ಊಟ ಮಾಡಿಯೇ ಹೋಗಬೇಕು,” ಎಂದರು. ಊಟವನ್ನೂ ಮಾಡಿದೆ. ಅದಕ್ಕೇ ಈಗಲೂ ಹೆಚ್ಚು ನಾಚಿಕೆಯಾಗುತ್ತದೆ.

ಕ್ಯಾಸೆಟ್ ಕೊಡಲು ಅವರ ಮನೆಗೆ ಹೋದಾಗ ಕೂರಿಸಿಕೊಂಡು ಹಾಕಿಯೇಬಿಟ್ಟರು. ಅಜ್ಜಿಯನ್ನು ದಿಂಬಿಗೆ ಒರಗಿಸಿ ಟಿ.ವಿ.ಯ ಹತ್ತಿರ ತಂದಿದ್ದರು. ಧಾರೆ ಬಂತು. ವಾದ್ಯ ಕೇಳುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಮೊಮ್ಮಗಳೆಲ್ಲಿ ಎಂದು ಅಜ್ಜಿ ತುಳುವಿನಲ್ಲಿ ಕೇಳಿದರು. ಮಗ ಪಕ್ಕದಲ್ಲಿ ಕೂತು, ಕಪ್ಪು ಪರದೆಯ ಮೇಲೆ ಬೆರಳಿಟ್ಟು, ಇಲ್ಲಿ ನಾನು, ಇಲ್ಲಿ ಅವಳ ಕೈ, ಈಗ ನೀರು ಬೀಳುತ್ತಿದೆ ಎಂದು ಹೇಳುತ್ತ ಹೋದರು. ಅಜ್ಜಿ ತಲೆಯಾಡಿಸಿದರು. ಅಷ್ಟು ತುಳು ನನಗೆ ಆಗ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೆ ಒಳ್ಳೆಯದಿತ್ತು.

ಎರಡು ವರ್ಷದ ಮೇಲೆ ಆ ಮೀನು ವ್ಯಾಪಾರಿ ಪರ್ಕಳದ ನನ್ನ ಸ್ಟುಡಿಯೋಗೆ ಬಂದರು. ಅಜ್ಜಿ ತೀರಿಕೊಂಡಿದ್ದರು. ಗೋಡೆಯ ಮೇಲಿದ್ದ ನನ್ನ ಆ ಅಗಲದ ಫೋಟೋದ ಮುಂದೆ ನಿಂತು, ತಾವು ದಿನಾ ತುಳಿಯುವ ಮರಳನ್ನು ಗುರುತಿಸದೆ ಕೇಳಿದರು: “ಇದು ಯಾವ ಊರು?”

“ರಾಜಸ್ಥಾನ,” ಎಂದೆ.

“ಅಷ್ಟು ದೂರ ಲೈಟು ಹೊತ್ತುಕೊಂಡು ಹೋದಿರಾ! ಒಂದೊಂದು ಗೆರೆಯೂ ಕಾಣ್ತದೆ ನೋಡಿ,” ಎಂದು ಮೆಚ್ಚಿದರು. ಆಮೇಲೆ ಎರಡನೆಯ ಮಗಳ ಮದುವೆಯ ದಿನ ಹೇಳಿ, ನೀವೇ ಬರಬೇಕು ಎಂದರು.