ಹಲಸೂರಿನ ಏರಿನಲ್ಲಿ ನಿಂತ ಲಾರಿ

ಸೈನ್ಯದ ಕೆಲಸ ಮುಗಿಸಿ ಬಂದ ಭಗವಂತರಾಯನಿಗೆ ಊರಿನವರೆಲ್ಲ ಹೇಳಿದ್ದು ಒಂದೇ ಮಾತು: ಹಿಮದ ಬೆಟ್ಟದಲ್ಲಿ ಗಾಡಿ ಓಡಿಸಿದವನಿಗೆ ಬೆಂಗಳೂರು ಯಾವ ಲೆಕ್ಕ. ಅವನೂ ಹಾಗೆಂದೇ ನಂಬಿದ್ದ. ತೊಂಬತ್ತೆಂಟರ ಬೇಸಿಗೆಯಲ್ಲಿ ಹೆಂಡತಿ ಪೀರಮ್ಮನನ್ನು ಕರೆದುಕೊಂಡು ಆಳಂದದ ಕಡೆಯಿಂದ ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆ ಹಿಡಿದ. ಶಿವಾಜಿನಗರದ ಖುರ್ಷೀದ್ ಸಾಹೇಬರ ಹತ್ತಿರ ಸಿಮೆಂಟು ಸಾಗಿಸುವ ಲಾರಿಯ ಕೆಲಸ ಸಿಕ್ಕಿತು.

ಮೊದಲ ವಾರದಲ್ಲೇ ಹೆದರಿಕೆ ಹಿಡಿಯಿತು. ಬೆಟ್ಟದಲ್ಲಿ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಮುಂದಿನದು ನಿಂತರೆ ನಿಲ್ಲಬೇಕು, ಹೊರಟರೆ ಹೊರಡಬೇಕು. ಪಕ್ಕದಲ್ಲಿ ಪ್ರಪಾತವಿದ್ದರೂ ಅದು ಇದ್ದಲ್ಲೇ ಇರುತ್ತಿತ್ತು. ಇಲ್ಲಿ ಎಡಗಡೆಯಿಂದ ಆಟೋ ನುಗ್ಗುತ್ತಿತ್ತು, ಸ್ಕೂಟರಿನವನು ಚಕ್ರಕ್ಕೆ ತಾಗುವಂತೆ ಕಾಲೂರಿ ನಿಲ್ಲುತ್ತಿದ್ದ, ಮಗುವಿನ ಕೈ ಹಿಡಿದ ಹೆಂಗಸು ಬಂಪರಿನ ಮುಂದೆ ಮರೆಯಾಗಿ ಇನ್ನೊಂದು ಕಡೆ ಏಳುತ್ತಿದ್ದಳು. ಏಳುವವರೆಗೆ ಅವನು ಉಸಿರು ಹಿಡಿದಿರುತ್ತಿದ್ದ. ಊಟಕ್ಕೆ ಕುಳಿತರೂ ಬಲಗಾಲು ಬ್ರೇಕ್ ತುಳಿದಂತೆ ನೆಲವನ್ನು ಒತ್ತುತ್ತಿತ್ತು. “ಉಣ್ಣಾಕ ಕುಂತಾಗೂ ಕಾಲ್ ಒತ್ಲಿಕತ್ತೀರಲ್ರಿ, ಏನಾಗ್ಯಾದ?” ಎಂದು ಪೀರಮ್ಮ ಕೇಳಿದಾಗ ನೋವು ಎಂದು ಸುಳ್ಳು ಹೇಳಿದ.

ಒಂದು ದಿನ ಹಲಸೂರಿನ ಇಕ್ಕಟ್ಟಾದ ಏರುರಸ್ತೆಯಲ್ಲಿ ಅರ್ಧ ಲೋಡು ಇಳಿಸಿದ್ದಾಗಿತ್ತು. ಹಿಂದೆ ಸಾಲುಗಟ್ಟಿದ ಆಟೋದವರು ಹಾರ್ನ್ ಹೊಡೆಯುತ್ತ ಬೈಯುತ್ತಿದ್ದರು. ಆ ಗದ್ದಲಕ್ಕೇ ಕಂಗಾಲಾಗಿ, ಹಿಂದೆ ಹೋಗಿ ನೋಡದೆ ಗಾಡಿ ಹತ್ತಿದ. ಕ್ಲೀನರ್ ಮುನೀರ್ ಬಲಗಡೆಯ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದು ‘ರೈಟ್’ ಎಂದ. ಲಾರಿ ಮುಂದಕ್ಕೆ ಹೋಗುವ ಮೊದಲು ಒಂದು ಗೇಣು ಹಿಂದಕ್ಕೆ ಜಾರಿತು. ಹೆಂಗಸಿನ ಕೂಗು ಕೇಳಿತು. ಬ್ರೇಕ್ ತುಳಿದು ಹ್ಯಾಂಡ್‌ಬ್ರೇಕ್ ಎಳೆದ.

“ಇಳೀಬೇಡ ಭಾಯ್, ಹೊಡೀತಾರೆ. ಆ ಕಡೆಯಿಂದ ಓಡು,” ಎಂದ ಮುನೀರ್. ಓಡಬೇಕೆಂದೇ ಅನ್ನಿಸಿತು. ಆದರೂ ಇಳಿದ.

ಸೊಪ್ಪು ಮಾರುವ ಚಿಕ್ಕಮುನಿಯಮ್ಮ ಲಾರಿಯ ನೆರಳಿಗೆಂದು ಹಿಂದೆ ಬಂದು ಕೂತಿದ್ದಳು. ಅವಳ ಕಾಲು ಎಡಗಡೆಯ ಹಿಂದಿನ ಚಕ್ರಕ್ಕೂ ಫುಟ್‌ಪಾತಿನ ಕಲ್ಲಿಗೂ ನಡುವೆ ಸಿಕ್ಕಿತ್ತು. ಇನ್ನೆರಡು ಬೆರಳು ಜಾರಿದರೆ ಕಾಲೇ ಉಳಿಯುವುದಿಲ್ಲ. ಲಾರಿ ಮುಂದಕ್ಕೇ ಹೋಗಬೇಕು, ಒಂದಿಷ್ಟೂ ಹಿಂದಕ್ಕೆ ಬರಬಾರದು. ಜನ ಅವನ ಕೊರಳಪಟ್ಟಿ ಹಿಡಿದರು. ಒಬ್ಬ ತಾನೇ ಓಡಿಸುತ್ತೇನೆಂದು ಮುಂದೆ ಬಂದ.

“ನಾನು ಕೂಗಿದ್ ಕೂಡ್ಲೆ ನಿಲ್ಸಿದೋನು ಇವ್ನೇ ತಾನೆ? ಇವ್ನೇ ತೆಗೀಲಿ,” ಎಂದಳು ಚಿಕ್ಕಮುನಿಯಮ್ಮ ಹಲ್ಲು ಕಚ್ಚಿ.

ಕೊರಳಪಟ್ಟಿ ಬಿಟ್ಟರು. ಉಳಿದ ಚಕ್ರಗಳ ಹಿಂದೆಲ್ಲ ಕಲ್ಲು ಒತ್ತಿಸಿ ಅವನು ಮತ್ತೆ ಹತ್ತಿದ. ಇಂಥ ಏರುಗಳನ್ನು ಬೆಟ್ಟದಲ್ಲಿ ಲೆಕ್ಕವಿಲ್ಲದಷ್ಟು ಸಲ ಹತ್ತಿದ್ದ. ಈಗ ಎಡಗಾಲು ಕ್ಲಚ್ಚಿನ ಮೇಲೆ ಗಡಗಡ ನಡುಗಿತು. ಮೊಣಕಾಲನ್ನು ಕೈಯಿಂದ ಅದುಮಿ ಹಿಡಿದ. ಎಂಜಿನ್ ಭಾರ ತಗೊಂಡಿತು, ಕ್ಲಚ್ ಸುಟ್ಟ ವಾಸನೆ ಬಂತು. ಹ್ಯಾಂಡ್‌ಬ್ರೇಕ್ ಬಿಟ್ಟ. ಲಾರಿ ಮುಂದಕ್ಕೆ ಕದಲಿತು. ಹಿಂದಿನಿಂದ ಸದ್ದೇ ಇಲ್ಲ. ಕನ್ನಡಿಯಲ್ಲಿ ಬಗ್ಗಿದ ಜನರ ಬೆನ್ನುಗಳಷ್ಟೇ ಕಂಡವು. ಆಮೇಲೆ ಮುನೀರ್ ಲಾರಿಯ ಬಾಡಿಯ ಮೇಲೆ ಕೈಯಿಂದ ಬಡಿದು ಸಾಕು ಎಂದ.

ಇಳಿದಾಗ ಯಾರೋ ಕೆನ್ನೆಗೆ ಬಾರಿಸಿದರು. ಯಾರೆಂದು ಅವನು ನೋಡಲಿಲ್ಲ. ಚಿಕ್ಕಮುನಿಯಮ್ಮನನ್ನು ಎತ್ತಿ ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಹೋದ. ಹಿಮ್ಮಡಿಯ ಮೇಲಿನ ಮೂಳೆ ಮುರಿದಿತ್ತು, ಕಾಲು ಉಳಿಯಿತು.

ಮರುದಿನ ಖುರ್ಷೀದ್ ಸಾಹೇಬರಿಗೆ ಲಾರಿಯ ಬೀಗದ ಕೈ ಒಪ್ಪಿಸಿ, ಎಲ್ಲಾದರೂ ಗೇಟು ಕಾಯುತ್ತೇನೆ ಎಂದು ಹೇಳಿ ಬಂದ. ಇತ್ತ ಪೀರಮ್ಮ ಯಾರನ್ನೂ ಕೇಳದೆ ಬೆಳಗ್ಗೆ ಸೊಪ್ಪು ತಂದು ಚಿಕ್ಕಮುನಿಯಮ್ಮನ ಜಾಗದಲ್ಲಿ ಕೂತಳು. ಪ್ಲಾಸ್ಟರ್ ಬಿಚ್ಚುವವರೆಗೂ ಕೂತಳು. ಗುಲ್ಬರ್ಗಾ ಕಡೆಯ ಮಾತು ಕೇಳಿ ಗಿರಾಕಿಗಳು ನಕ್ಕರೂ ಕೊಂಡುಕೊಂಡರು.

ಒಂದು ಸಂಜೆ ಭಗವಂತರಾಯ ಸೊಪ್ಪು ಮಾರಿದ ದುಡ್ಡು ತಲುಪಿಸಲು ಹೋದಾಗ, ಅವನು ಲಾರಿ ಕೆಲಸ ಬಿಟ್ಟಿದ್ದು ನಿಜವೇ ಎಂದು ಚಿಕ್ಕಮುನಿಯಮ್ಮ ಕೇಳಿದಳು. ಹೆದರಿಕೆಯಾಗುತ್ತದೆ ಎಂದ. ಅದುವರೆಗೆ ಯಾರಿಗೂ ಹಾಗೆ ಹೇಳಿರಲಿಲ್ಲ.

“ಆಗ್ಲಿ ಬಿಡು. ನೀನು ಬಿಟ್ರೆ ಹೆದರ್ಕೆ ಇಲ್ದೋನು ಬಂದು ಕೂತ್ಕೊಂತಾನೆ. ಆವಾಗ ನಮ್ಮಂತೋರ ಗತಿ ಏನಪ್ಪಾ?”

ಅವನು ದುಡ್ಡು ಎಣಿಸಿ ಅವಳ ಕೈಗಿಟ್ಟು ಹೊರಟ. ಮುಂದಿನ ವಾರ ಶಿವಾಜಿನಗರಕ್ಕೆ ಹೋಗಿ ಬೀಗದ ಕೈ ಕೇಳಿದ. ಸಾಹೇಬರು ಕೊಟ್ಟರು. ಹತ್ತಿ ಕುಳಿತಾಗ ಹೆದರಿಕೆ ಹಾಗೆಯೇ ಇತ್ತು. ಆಮೇಲೆ ಓಡಿಸಿದ ಎಷ್ಟೋ ವರ್ಷಗಳಲ್ಲೂ ಅದು ಬಿಟ್ಟುಹೋಗಲಿಲ್ಲ. ಆ ದಿನ ಮುನೀರನಿಗೆ ಹಿಂದೆ ಹೋಗಿ ನಿಲ್ಲಲು ಹೇಳಿ, ಅವನ ದನಿ ಬರುವವರೆಗೆ ಕಾದು, ಕೆ.ಆರ್. ಪುರಂ ಕಡೆಗೆ ಹೊರಟ.