ದನಿ ಹೋದರೆ ಲೆಕ್ಕ ತೋರಿಸು

ನಾನು ಗಣಿತವನ್ನು ಕಿರುಚಿ ಕಲಿಸುವವಳು. ಕೋಪಕ್ಕಲ್ಲ, ಇಂಟರ್ನೆಟ್ಟಿನ ಮೇಲೆ ಪೂರ್ತಿ ನಂಬಿಕೆಯಿಲ್ಲ, ಅದಕ್ಕೆ. ಗೋವಾದ ಫೋಂಡಾದಲ್ಲಿರುವ ನನ್ನ ಬಾಡಿಗೆ ಮನೆಯಿಂದ ಮಡಗಾಂವಿನ ಮೋತಿ ಡೊಂಗರ್ ಗುಡ್ಡದವರೆಗೆ ಮಾತು ತಲುಪಬೇಕಾದರೆ ಗಂಟಲಿನದೂ ಸ್ವಲ್ಪ ಸಹಾಯ ಬೇಕು ಎಂದೇ ಮನಸ್ಸು ಹೇಳುತ್ತದೆ. ಪಕ್ಕದ ಮನೆಯ ಕೊಂಕಣಿ ಹೆಂಗಸು ಒಮ್ಮೆ ಬಾಗಿಲು ತಟ್ಟಿ, ಯಾರ ಜೊತೆ ಜಗಳ ಎಂದು ವಿಚಾರಿಸಿದರು. "ವರ್ಗಸಮೀಕರಣದ ಜೊತೆ" ಎಂದೆ. ಅದು ಅತ್ತೆಯ ಕಡೆಯ ಯಾವುದೋ ತಕರಾರು ಎಂದುಕೊಂಡರೋ ಏನೋ, ಮರುಕದಿಂದ ತಲೆಯಾಡಿಸಿ ಹೋದರು.

ವಾರವೆಲ್ಲ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಭಾನುವಾರ ಮೋತಿ ಡೊಂಗರಿನ ರೇಣುಕಾಗೆ ಆನ್‌ಲೈನ್ ಪಾಠ. ಅವಳು ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ವಿಜಾಪುರದ ಕಡೆಯಿಂದ ಬಂದ ಅಪ್ಪ ಗೌಂಡಿ ಕೆಲಸ ಮಾಡುತ್ತಾನೆ, ಅವ್ವ ಅದೇ ಕಟ್ಟಡಗಳಲ್ಲಿ ಕಲ್ಲು ಹೊರುತ್ತಾಳೆ. ನಮ್ಮ ಸ್ವಯಂಸೇವಕರ ಗುಂಪು ಅವಳಿಗೊಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟಿತ್ತು. ಆದರೆ ಸಿಗ್ನಲ್ ಎನ್ನುವುದು ಮನೆಯೊಳಗೆ ಬರಲೊಲ್ಲದ ಅತಿಥಿ. ಹಿತ್ತಿಲಲ್ಲಿ, ಮನೆಗೂ ಗುಡ್ಡದ ತಡೆಗೋಡೆಗೂ ನಡುವಿನ ಸಂದಿಯಲ್ಲಿ ಮಾತ್ರ ಸಿಗುತ್ತಿತ್ತು. ಅಲ್ಲೇ ತಗಡಿನ ಕೆಳಗೆ ಅವಳ ಶಾಲೆ.

ದನಿ ಆಗಾಗ ಕಡಿದುಹೋಗುತ್ತಿದ್ದುದರಿಂದ ನಾವೊಂದು ನಿಯಮ ಮಾಡಿಕೊಂಡಿದ್ದೆವು. ದನಿ ಹೋದರೆ ಗಾಬರಿಯಾಗಬಾರದು. ಕುಳಿತಲ್ಲೇ ಕುಳಿತು, ಮಾಡಿದ ಲೆಕ್ಕವನ್ನು ಕ್ಯಾಮೆರಾಕ್ಕೆ ಹಿಡಿಯಬೇಕು. ನಾನು ಇತ್ತ ಸರಿ ತಪ್ಪು ಕೈಸನ್ನೆಯಲ್ಲಿ ಹೇಳುತ್ತೇನೆ. ಈ ಏರ್ಪಾಟಿನ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು.

ಆ ಭಾನುವಾರ ಮಳೆ ಸುರಿಯುತ್ತಿತ್ತು. ರೇಣುಕಾ ತಲೆ ತಗ್ಗಿಸಿ ಬರೆಯುತ್ತಿದ್ದಳು. ಅವಳ ಭುಜದ ಹಿಂದೆ ಗೋಡೆಯ ಕಲ್ಲುಗಳ ಸಂದಿನಿಂದ ಕೆಂಪು ನೀರು ಇಳಿಯುತ್ತಿತ್ತು. ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ, ವಿಚಿತ್ರ ಕಲ್ಲು: ನೆಲದೊಳಗಿರುವಾಗ ಮೆತ್ತಗಿರುತ್ತದೆ, ಕಡಿದು ಗಾಳಿಗಿಟ್ಟಮೇಲೆ ಗಟ್ಟಿಯಾಗುತ್ತದೆ. ಅಂಥ ಕಲ್ಲಿನ ಗೋಡೆ ನನ್ನ ಕಣ್ಣೆದುರೇ ಹೊಟ್ಟೆ ಉಬ್ಬಿಸಿಕೊಂಡು ಮುಂದಕ್ಕೆ ಬರುತ್ತಿತ್ತು.

"ಏಳು! ಓಡು, ರೇಣುಕಾ!" ಎಂದು ಕಿರುಚಿದೆ. ಎರಡೂ ಕೈ ಬೀಸಿದೆ. ಅವಳು ತಲೆಯೆತ್ತಿ, ಕಿವಿ ಮುಟ್ಟಿ ತೋರಿಸಿ ನಕ್ಕಳು. ದನಿ ಹೋಗಿತ್ತು. ನಾನು ಕಿರುಚುವುದೂ ಕೈ ಬೀಸುವುದೂ ಅವಳಿಗೆ ಹೊಸದಲ್ಲ. ಒಳ್ಳೆಯ ಹುಡುಗಿ, ನಿಯಮದಂತೆ ನೋಟ್‌ಬುಕ್ ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. ಪರದೆಯ ತುಂಬ ಲೆಕ್ಕ. ಹುಡುಗಿಯೂ ಕಾಣಲಿಲ್ಲ, ಗೋಡೆಯೂ ಕಾಣಲಿಲ್ಲ. ಚಿತ್ರ ಹಾಗೇ ನಿಂತುಹೋಯಿತು.

ಅವಳ ಅಪ್ಪನ ಮೊಬೈಲಿಗೆ ಮತ್ತೆ ಮತ್ತೆ ಫೋನು ಮಾಡಿದೆ, ಸಿಗಲಿಲ್ಲ. ಗುಂಪಿನವರಿಗೆ ಹೇಳಿದೆ, ಅವರು ಹೊರಟರು. ನಾನು ಆ ಪುಟದ ಎದುರು ಕುಳಿತೆ. ಮೂರನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟುಹೋಗಿತ್ತು. ಅಂಥ ಹೊತ್ತಿನಲ್ಲಿ ಅದು ಕಣ್ಣಿಗೆ ಬೀಳಬೇಕೇ? ಬಿತ್ತು. ಇನ್ನು ಅದನ್ನು ತಿದ್ದಲು ಅವಳಿರುತ್ತಾಳೋ ಇಲ್ಲವೋ ಎಂದುಕೊಂಡೆ.

ಕೊನೆಗೆ ಯಾರದೋ ನಂಬರಿನಿಂದ ಫೋನು ಬಂತು. ಬಿಕ್ಕುತ್ತಿದ್ದವಳು ರೇಣುಕಾ.

"ಅಕ್ಕಾರ, ಕಂಪ್ಯೂಟರ್ ಮಣ್ಣಾಗ ಹೋತ್ರಿ. ಬೈಬ್ಯಾಡ್ರಿ."

"ರೇಣುಕಾ!" ಎಂದು ಕಿರುಚಿದೆ. ನಾನು ಸಿಟ್ಟಾದೆನೆಂದು ತಿಳಿದು ಅವಳ ಅವ್ವ ಫೋನು ಕಸಿದುಕೊಂಡಳು. "ಅಕ್ಕಾರ, ಯಾರಿಗೂ ಏನೂ ಆಗಿಲ್ರಿ. ತಗಡಿನ ಕೆಳಗ ಒಣಹಾಕಿದ್ದ ಅರಬಿ ತಗಿಯಾಕ ಹಿತ್ತಲಕ್ಕ ಹೋಗಿದ್ನಿ, ಗ್ವಾಡಿ ಬಾಗಿದ್ದು ಕಂಡ್ತು. ಈಕಿನ್ನ ಜಡಿ ಹಿಡದು ಎಳಕೊಂಡ ಬಂದೇನಿ. ಎಳ್ಯಾಕತ್ರ 'ತಡೀಬೇ, ಅಕ್ಕಾರು ಲೆಕ್ಕ ನೋಡಾಕತ್ತಾರ' ಅಂತಾಳ್ರಿ ಈ ಶಾಣ್ಯಾಕಿ!"

ನಾನು ಗಟ್ಟಿಯಾಗಿ ಅತ್ತೆ. ಪಕ್ಕದ ಮನೆಯ ಹೆಂಗಸು ಈ ಸಲ ಬಾಗಿಲು ತಟ್ಟದೆ ಒಳಗೆ ಬಂದು, ಏನನ್ನೂ ಕೇಳದೆ ಚಹಾ ಕುದಿಸಲಿಟ್ಟರು.

ಎಲ್ಲ ಸುಖವಾಗಿ ಮುಗಿಯಿತು ಎನ್ನಬೇಕು. ಆದರೆ ಮನಸ್ಸು ಮುಗಿಸಲು ಒಪ್ಪುವುದಿಲ್ಲ. ಮಾತ್ರೆ ತೂಗುತ್ತಿರುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಾಗ, ಆ ಪುಟ ಬಂದು ಎದುರು ನಿಲ್ಲುತ್ತದೆ. ಪ್ರತಿ ಸಲ ಬೇರೆ ಉಪಾಯ ಮಾಡುತ್ತೇನೆ: ಕಾಗದದ ಮೇಲೆ ದೊಡ್ಡದಾಗಿ 'ಓಡು' ಎಂದು ಬರೆದು ತೋರಿಸುತ್ತೇನೆ, ನಾನೇ ಎದ್ದು ಓಡಿ ತೋರಿಸುತ್ತೇನೆ. ಪ್ರತಿ ಸಲವೂ ಅವಳು ನಕ್ಕು ನೋಟ್‌ಬುಕ್ ಎತ್ತುತ್ತಾಳೆ.

ಈಗ ಪಾಠ ಅವರ ಓಣಿಯ ಹೊಲಿಗೆ ತರಗತಿಯ ಕೋಣೆಯಲ್ಲಿ, ಬೇರೊಂದು ಲ್ಯಾಪ್‌ಟಾಪಿನಲ್ಲಿ. ಮೊದಲ ದಿನ ಕಲಿಸುತ್ತಾ ಕಲಿಸುತ್ತಾ ನಾನು ಲೆಕ್ಕದ ನಡುವೆಯೇ ನಿಂತುಬಿಟ್ಟಿದ್ದೆ.

"ಅಕ್ಕಾರ, ನೀವು ನನ್ನ ನೋಡಾಕತ್ತಿಲ್ರಿ. ನನ್ನ ಹಿಂದ ನೋಡಾಕತ್ತೀರಿ."

ಹಾಗೆಂದು ಅವಳು ಲ್ಯಾಪ್‌ಟಾಪ್ ಎತ್ತಿ ಸುತ್ತಲೂ ತಿರುಗಿಸಿದಳು. "ಇದು ಗ್ವಾಡಿರಿ, ಗಟ್ಟಿ ಐತಿ. ಇದು ಬಾಗಲ, ತಗದೈತಿ. ಇದು ನಮ್ಮವ್ವ, ಕಾಯಾಕ ಕುಂತಾಳ." ಮೂಲೆಯಲ್ಲಿ ಅವ್ವ ನಾಚಿ ಸೆರಗು ಎಳೆದುಕೊಂಡಳು. "ಮತ್ತ ಇದು ನಾನ್ರಿ."

ಅಂದಿನಿಂದ ಪ್ರತಿ ಭಾನುವಾರ ಹಾಗೆಯೇ. ಕೇಳದೆಯೇ ತೋರಿಸುತ್ತಾಳೆ, ಬೇಸರವಿಲ್ಲದೆ, ಸಣ್ಣ ಮಕ್ಕಳನ್ನು ರಮಿಸುವವರ ಹಾಗೆ. ಪಾಠಕ್ಕೆ ಮೊದಲು ಹಾಜರಿ ಕೂಗುವುದು ಕಲಿಸುವವರ ಕೆಲಸ ಎಂದು ನಾನು ತಿಳಿದಿದ್ದೆ. ನಮ್ಮಲ್ಲಿ ಅವಳು ಕೂಗುತ್ತಾಳೆ. ಎಲ್ಲ ತೋರಿಸಿ ಮುಗಿಸಿ, ಪರದೆಯ ಹತ್ತಿರ ಮುಖ ತಂದು ಕೇಳುತ್ತಾಳೆ: "ಅಕ್ಕಾರ, ಬಂದ್ರೇನ್ರಿ?"

ಮೋತಿ ಡೊಂಗರಿನ ಆ ಗೋಡೆಯ ಸಂದಿಯಿಂದ ನನ್ನ ಮನಸ್ಸು ಹೊರಗೆ ಬರುವವರೆಗೆ ಅವಳು ಕಾಯುತ್ತಾಳೆ.

"ಬಂದೆ," ಎನ್ನುತ್ತೇನೆ. ಕಿರುಚದೆ, ಮೆಲ್ಲಗೆ. ಆ ಒಂದು ಮಾತು ಮಾತ್ರ ಒಮ್ಮೆಯೂ ಕಡಿದುಹೋಗಿಲ್ಲ.